ಅಸಭ್ಯ ಕಮೆಂಟುಗಳ ಕೋಡಿಂಗ್‌ನಲ್ಲಿ ಆಲ್ಫಾ 0.48ಕ್ಕೇ ನಿಂತರೆ

ಪ್ರಬಂಧಕ್ಕಾಗಿ ಆನ್‌ಲೈನ್ ಕಮೆಂಟುಗಳನ್ನು ಇಬ್ಬರು ಕೋಡ್ ಮಾಡಿಯೂ (ಅಂದರೆ ಪ್ರತಿ ಕಮೆಂಟು ಯಾವ ಬಗೆ ಎಂದು ಗುರುತಿಸಿಯೂ) ಕ್ರಿಪ್ಪೆನ್‌ಡಾರ್ಫ್ ಆಲ್ಫಾ (ಆಕಸ್ಮಿಕ ಹೊಂದಾಣಿಕೆಯನ್ನು ಕಳೆದು ಇಬ್ಬರ ಒಮ್ಮತ ಅಳೆಯುವ ಸಂಖ್ಯೆ; 1 ಎಂದರೆ ಪೂರ್ಣ ಒಮ್ಮತ) 0.48 ದಾಟದಿರಲು ಬಹುಶಃ ಕಾರಣ ನಿಮ್ಮ ‘ಅಸಭ್ಯ’ ಎಂಬ ಒಂದೇ ಕಾಲಂ. ಒರಟು ಮಾತು, ಪ್ರಜಾಪ್ರಭುತ್ವಕ್ಕೆ ಧಕ್ಕೆ ತರುವ ಮಾತು ಎರಡೂ ಅದರಲ್ಲಿ ಸೇರಿಹೋಗಿವೆ. ಸಂವಹನ ವಿದ್ವಾಂಸೆ ಜೀಜಿ ಪಾಪಕರಿಸಿ 2004ರಲ್ಲೇ ಇವನ್ನು ಬೇರ್ಪಡಿಸಿದ್ದರು. ‘ಲೋ, ಮುಚ್ಕೊಂಡಿರು’ ಬರೀ ಒರಟು; ‘ಅವರಿಗೆಲ್ಲ ಮತದ ಹಕ್ಕೇ ಇರಬಾರದು’ ಅನ್ನುವುದರಲ್ಲಿ ಒಂದೂ ಬೈಗುಳವಿಲ್ಲ, ಆದರೂ ಎರಡನೆಯ ಬಗೆ.

ಮೊದಲು ಎರಡು ಕಾಲಂ ಮಾಡಿ, ಉತ್ತರ ಹೌದು ಅಥವಾ ಇಲ್ಲ ಮಾತ್ರ. ಸುಮಾರು 50 ಕಮೆಂಟುಗಳನ್ನು ಇಬ್ಬರೂ ಕೂತು ಚರ್ಚಿಸಿ, ಭಿನ್ನಾಭಿಪ್ರಾಯ ಬಂದ ಕಡೆ ನಿಮ್ಮ ಕೋಡಿಂಗ್ ನಿಯಮಗಳ ಕೈಪಿಡಿಯಾದ ಕೋಡ್‌ಬುಕ್ಕಿಗೆ ಉದಾಹರಣೆ ಸೇರಿಸಿ. ಆ 50ನ್ನು ಆಲ್ಫಾ ಲೆಕ್ಕಕ್ಕೆ ಹಿಡಿಯಲೇಬೇಡಿ. ಹೊಸ ಕಮೆಂಟುಗಳನ್ನು ಪರಸ್ಪರ ಮಾತಾಡದೆ ಕೋಡ್ ಮಾಡಿ. ಗುರಿ 0.80, 0.667ಕ್ಕಿಂತ ಕೆಳಗಿದ್ದರೆ ಆ ಕಾಲಂ ಬಳಸಬೇಡಿ. ಎರಡನೆಯ ಬಗೆ ತೀರಾ ಅಪರೂಪವಾಗಿದ್ದರೆ ಶೇ 95 ಒಮ್ಮತವಿದ್ದೂ ಆಲ್ಫಾ ಕುಸಿಯಬಹುದು. ಆಗ ಪರೀಕ್ಷೆಯ ಸ್ಯಾಂಪಲ್‌ಗೆ ಅಂಥವನ್ನು ಹೆಚ್ಚು ಸೇರಿಸಿ, ಹಾಗೆ ಮಾಡಿದ್ದನ್ನು ಪ್ರಬಂಧದಲ್ಲಿ ಬರೆಯಿರಿ.