ಆಯಿಲ್ ಫಿಲ್ಟರ್: ತೊಳೆದು ಹಾಕೋದಾ, ಹೊಸದು ಹಾಕೋದಾ?

ಪ್ರಶ್ನೆ: ನನ್ನದು 350 ಸಿಸಿ ಬುಲೆಟ್. ವರ್ಷಕ್ಕೆ ಎರಡು ಸಲ ಆಯಿಲ್ ಬದಲಿಸುತ್ತೇನೆ, ಪ್ರತಿ ಸಲ 120 ರೂಪಾಯಿಯ ಪೇಪರ್ ಫಿಲ್ಟರ್ ಹಾಕಿಸುತ್ತೇನೆ. ತೊಳೆದು ಮತ್ತೆ ಮತ್ತೆ ಹಾಕಬಹುದಾದ ಸ್ಟೀಲ್ ಫಿಲ್ಟರ್ 2,400ಕ್ಕೆ ಸಿಗುತ್ತದೆ, ಅದನ್ನೇ ತಗೋ ಅಂತ ಗೆಳೆಯ ಹೇಳುತ್ತಿದ್ದಾನೆ. ತಗೊಳ್ಳಲಾ?
— ಓದುಗರು, ತೀರ್ಥಹಳ್ಳಿ

ಉತ್ತರ: ಬೇಡ. ಮೊದಲು ದುಡ್ಡಿನ ಲೆಕ್ಕವನ್ನೇ ನೋಡಿ. 2,400 ರೂಪಾಯಿಗೆ 20 ಪೇಪರ್ ಫಿಲ್ಟರ್ ಬರುತ್ತವೆ, ಅಂದರೆ ನಿಮಗೆ ಹತ್ತು ವರ್ಷಕ್ಕೆ ಸಾಕು. ಸ್ಟೀಲ್ ಹಾಕಿದರೂ ಓ-ರಿಂಗ್ (ಆಯಿಲ್ ಸೋರದಂತೆ ತಡೆಯುವ ರಬ್ಬರ್ ಉಂಗುರ) ಖರ್ಚು ತಪ್ಪಲ್ಲ, ತೊಳೆಯೋಕೆ ಸೀಮೆಎಣ್ಣೆನೋ ಡೀಸೆಲ್ಲೋ ಬೇಕೇ ಬೇಕು.

ಆದರೆ ನನಗೆ ದುಡ್ಡಿಗಿಂತ ಇಂಜಿನ್ನಿನದೇ ಚಿಂತೆ. ಬೈಕಿನಲ್ಲಿ ಇಂಜಿನ್, ಗೇರ್, ಕ್ಲಚ್ ಮೂರಕ್ಕೂ ಸಾಮಾನ್ಯವಾಗಿ ಒಂದೇ ಆಯಿಲ್. ಕ್ಲಚ್ ಪ್ಲೇಟಿನ ನಾರು, ಗೇರ್ ಸವೆದ ಲೋಹದ ಪುಡಿ ಎಲ್ಲಾ ಅದೇ ಆಯಿಲ್‌ಗೆ ಬಂದು ಸೇರುತ್ತವೆ, ಕಾರಿನಲ್ಲಿ ಹಾಗಲ್ಲ, ಅಲ್ಲಿ ಗೇರ್‌ಬಾಕ್ಸಿಗೆ ಬೇರೆ ಆಯಿಲ್ ಇರುತ್ತದೆ. ಮಾರುಕಟ್ಟೆಯಲ್ಲಿ ಸಿಗುವ ಎಷ್ಟೋ ಸ್ಟೀಲ್ ಜಾಲರಿಗಳ ಕಣ್ಣು 35 ಮೈಕ್ರಾನ್ ಆಸುಪಾಸು. ನಮ್ಮ ತಲೆಗೂದಲು ಸುಮಾರು 70 ಮೈಕ್ರಾನ್ ದಪ್ಪ, ಅದರ ಅರ್ಧ ಅಂದ್ಕೊಳ್ಳಿ. ಇದು ಸಣ್ಣದೇ ಅನ್ನಿಸಬಹುದು, ಆದರೆ ಬೇರಿಂಗ್‌ನಲ್ಲಿ ಲೋಹಕ್ಕೂ ಲೋಹಕ್ಕೂ ಮಧ್ಯೆ ನಿಲ್ಲುವ ಆಯಿಲ್ ಪದರ ಕೆಲವೇ ಮೈಕ್ರಾನ್. ಕಣ್ಣಿಗೆ ಕಾಣದ 10, 20 ಮೈಕ್ರಾನ್ ಕಣಗಳೇ ಅಲ್ಲಿ ಉಜ್ಜಿ ಸವೆಸುವುದು. ಜಾಲರಿಯ ಕಣ್ಣಿಗಿಂತ ಚಿಕ್ಕದೆಲ್ಲ ಸಲೀಸಾಗಿ ಆಚೆ ಹೋಗುತ್ತದೆ. ಪೇಪರ್‌ನಲ್ಲಿ ಹಾಗಲ್ಲ, ನಾರುಗಳು ಅಡ್ಡಾದಿಡ್ಡಿ ಹೆಣೆದುಕೊಂಡಿರುವುದರಿಂದ ಆಯಿಲ್ ಸುತ್ತಿ ಸುತ್ತಿ ಬಂದಂತೆಲ್ಲಾ ಆ ಸಣ್ಣ ಕಣಗಳಲ್ಲೂ ಎಷ್ಟೋ ಅಲ್ಲೇ ಸಿಕ್ಕಿಬೀಳುತ್ತವೆ.

ಸ್ಟೀಲ್‌ನಲ್ಲಿ ಒಳ್ಳೆಯದು ಏನೂ ಇಲ್ಲ ಅಂತಲ್ಲ. ದಪ್ಪಗಿರುವ ತಣ್ಣನೆ ಆಯಿಲ್ ಕೂಡ ಅದರಲ್ಲಿ ಸುಲಭವಾಗಿ ಹರಿಯುತ್ತದೆ, ಏನು ಸಿಕ್ಕಿಕೊಂಡಿದೆ ಅಂತ ಬಿಚ್ಚಿದ ಕೂಡಲೇ ಕಾಣುತ್ತದೆ. ದೂರದ ಪ್ರವಾಸದಲ್ಲಿ ಫಿಲ್ಟರ್ ಸಿಗದ ಊರಲ್ಲಿ ಕೈ ಹಿಡಿಯುತ್ತದೆ. ತೀರ್ಥಹಳ್ಳಿಯಲ್ಲಿ ಹಿಮ ಬೀಳಲ್ಲ, ಫಿಲ್ಟರ್‌ಗೂ ಬರ ಇಲ್ಲ, ಅಲ್ವಾ?

ಪ್ರಶ್ನೆ: ಸ್ಟೀಲ್ ಫಿಲ್ಟರ್ ಆಗಲೇ ಹಾಕಿಸಿಬಿಟ್ಟಿದ್ದೇನೆ. ಹೇಗೆ ತೊಳೆಯಬೇಕು? ಪರಿಸರಕ್ಕೂ ಇದೇ ಒಳ್ಳೆಯದು ತಾನೇ?
— ಓದುಗರು, ಹಾಸನ

ಉತ್ತರ: ಸೀಮೆಎಣ್ಣೆಯಲ್ಲಿ ನೆನೆಸಿ, ಮೆತ್ತನೆ ಬ್ರಷ್‌ನಲ್ಲಿ ತಿಕ್ಕಿ. ಆಮೇಲೆ ಕಡಿಮೆ ಒತ್ತಡದ ಗಾಳಿ ಬಿಡಿ, ಅದೂ ಒಳಗಿನಿಂದ ಹೊರಕ್ಕೆ. ಹೊರಗಿನಿಂದ ಬಿಟ್ಟರೆ ಕಸ ಒಳಗೇ ಕೂತು, ಇಂಜಿನ್ ಶುರು ಮಾಡಿದ ತಕ್ಷಣ ನೇರ ಬೇರಿಂಗ್‌ಗೆ ಹೋಗುತ್ತದೆ. ಪೂರ್ತಿ ಒಣಗಿದ ಮೇಲೆ ಬೆಳಕಿಗೆ ಹಿಡಿದು ಸುತ್ತ ತಿರುಗಿಸಿ ನೋಡಿ. ಒಂದು ಕಡೆ ಬೆಳಕು ಜಾಸ್ತಿ ಬಂದರೆ, ಜಾಲರಿ ಅಂಚು ಬಿಟ್ಟಿದ್ದರೆ, ಅದನ್ನು ಮತ್ತೆ ಹಾಕಲೇಬೇಡಿ. ಹರಿದ ಜಾಲರಿಯಲ್ಲಿ ಆಯಿಲ್ ಸೋಸದೆಯೇ ಓಡುತ್ತದೆ, ನಿಮಗೆ ಗೊತ್ತೂ ಆಗಲ್ಲ.

ಪರಿಸರದ ಮಾತು ಆ ಕೊಳಕು ಸೀಮೆಎಣ್ಣೆ ಎಲ್ಲಿಗೆ ಹೋಗುತ್ತದೆ ಅನ್ನುವುದರ ಮೇಲಿದೆ. ಚರಂಡಿಗೆ ಸುರಿದರೆ ಒಂದು ಪೇಪರ್ ಫಿಲ್ಟರ್ ಉಳಿಸಿ ಏನು ಬಂತು? ಹಳೇ ಆಯಿಲ್ ನಮ್ಮ ಕಾನೂನಿನಲ್ಲೇ ಅಪಾಯಕಾರಿ ತ್ಯಾಜ್ಯ. ಎರಡನ್ನೂ ಬೇರೆ ಬೇರೆ ಕ್ಯಾನ್‌ಗಳಲ್ಲಿ ತುಂಬಿ, ಹಳೇ ಆಯಿಲ್ ಸಂಗ್ರಹಿಸುವ ಗ್ಯಾರೇಜಿಗೆ ಕೊಡಿ.

ಪ್ರಶ್ನೆ: ನನ್ನ ಸ್ಪ್ಲೆಂಡರ್‌ಗೆ ಫಿಲ್ಟರ್ ಬದಲಿಸಿ ಅಂದರೆ ಮೆಕ್ಯಾನಿಕ್ ಇದರಲ್ಲಿ ಫಿಲ್ಟರೇ ಇಲ್ಲ ಅಂದರು. ನಿಜವಾ?
— ಓದುಗರು, ಗದಗ

ಉತ್ತರ: ಬದಲಿಸುವ ಪೇಪರ್ ಫಿಲ್ಟರ್ ಇಲ್ಲ, ಅವರು ಹೇಳಿದ್ದು ನಿಜ. ಅದರ ಬದಲು ಕ್ಲಚ್ ಕವರ್ ಒಳಗೆ, ಕ್ರ್ಯಾಂಕ್ (ಇಂಜಿನ್ನಿನ ತಿರುಗುವ ಮುಖ್ಯ ದಂಡ) ಜೊತೆ ಗಿರಗಿರ ತಿರುಗುವ ಒಂದು ಬಟ್ಟಲಿದೆ. ಭಾರದ ಕಣಗಳು ಅದರ ಗೋಡೆಗೆ ಎರಚಿ ಕೆಸರಿನ ಹಾಗೆ ಅಂಟಿಕೊಳ್ಳುತ್ತವೆ. ಜೊತೆಗೆ ಒಂದು ಜಾಲರಿಯೂ ಇದೆ. ಎರಡೂ ತೊಳೆದು ಹಾಕುವಂಥವೇ, ಆದರೆ ಕವರ್ ಬಿಚ್ಚಬೇಕು ಅಂತ ಎಷ್ಟೋ ಕಡೆ ಸುಮ್ನೆ ಆಯಿಲ್ ಮಾತ್ರ ಬದಲಿಸಿ ಕಳಿಸುತ್ತಾರೆ. ಮುಂದಿನ ಸಲ ಕ್ಲಚ್ ಕೆಲಸಕ್ಕೆ ಬಿಚ್ಚಿದಾಗ ಎದುರಿಗೇ ನಿಂತು ಆ ಬಟ್ಟಲು ತೊಳೆಸಿ, ಕವರಿನ ಗ್ಯಾಸ್ಕೆಟ್ (ಆಯಿಲ್ ಸೋರದಂತೆ ಅಂಚಿಗೆ ಹಾಕುವ ತೆಳು ಪದರ) ಹೊಸದು ಹಾಕಿಸಿ.