ನಿಮ್ಮ ಕೋಷ್ಟಕದಲ್ಲಿ ಇಲ್ಲದ ಎಂಟು ಮಕ್ಕಳು

ಮೇಡಂ, ನಮಸ್ಕಾರ.

ನಿಮ್ಮ 'ಬೆಳಗಿನ ಅರ್ಧ ಗಂಟೆ ಓದು' ಲೇಖನ ತಲುಪಿತು. ಎರಡು ಸಲ ಓದಿದೆ. ಈಗಿರುವ ರೂಪದಲ್ಲಿ ಅದನ್ನು ನಮ್ಮ ಪತ್ರಿಕೆಯಲ್ಲಿ ಹಾಕಲು ಆಗುವುದಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಕೊನೆಯ ಸಾಲಿನವರೆಗೆ ನಿಮ್ಮನ್ನು ಕಾಯಿಸುವುದು ಬೇಡ. ಆದರೆ ಇದರೊಳಗೆ ಒಂದು ಒಳ್ಳೆಯ ಲೇಖನ ಇದೆ. ಅದಕ್ಕೇ ಇಷ್ಟು ಉದ್ದ ಬರೆಯುತ್ತಿದ್ದೇನೆ.

ನೀವು ಮಾಡಿದ್ದು ಇಷ್ಟು. ಆರನೇ ತರಗತಿಯಲ್ಲಿ ಎ, ಬಿ ಎಂದು ಎರಡು ವಿಭಾಗ, ಒಂದೊಂದರಲ್ಲಿ 31 ಮಕ್ಕಳು. ಎ ವಿಭಾಗದವರಿಗೆ ಮೂರು ತಿಂಗಳು, ಪ್ರಾರ್ಥನೆಗೆ ಮುಂಚೆ, ಕಥೆಪುಸ್ತಕ ಓದಿಸಿದಿರಿ. ಬಿ ವಿಭಾಗಕ್ಕೆ ಎಂದಿನ ಪಾಠ. ಶುರುವಿನಲ್ಲೂ ಕೊನೆಯಲ್ಲೂ 25 ಅಂಕದ ಓದಿನ ಪರೀಕ್ಷೆ. ಎ ವಿಭಾಗದ ಸರಾಸರಿ ನಾಲ್ಕು ಅಂಕ ಏರಿತು, ಬಿ ವಿಭಾಗದ್ದು ಎರಡು. ಎರಡು ಗುಂಪಿನ ಸರಾಸರಿಗಳ ವ್ಯತ್ಯಾಸ ಬರೀ ಆಕಸ್ಮಿಕವೋ ಎಂದು ಅಳೆಯುವ ಟಿ ಪರೀಕ್ಷೆಯನ್ನು ಗೊತ್ತಿದ್ದವರ ಹತ್ತಿರ ಮಾಡಿಸಿದಿರಿ. ಪಿ ಮೌಲ್ಯ 0.03 ಬಂತು. 'ಆದ್ದರಿಂದ ಈ ವಿಧಾನ ಶೇ. 97ರಷ್ಟು ಯಶಸ್ವಿ, ರಾಜ್ಯದ ಎಲ್ಲ ಶಾಲೆಗಳಿಗೂ ವಿಸ್ತರಿಸಬೇಕು' ಎಂದು ಮುಗಿಸಿದಿರಿ.

ಆ ಶೇ. 97 ತಪ್ಪು. ಪಿ ಮೌಲ್ಯ ಹೇಳುವುದೇ ಬೇರೆ. ಬೆಳಗಿನ ಓದಿನಿಂದ ಏನೂ ಆಗಿಲ್ಲ, ಎರಡು ಗುಂಪುಗಳ ನಡುವೆ ಇರುವುದು ಬರೀ ಆಕಸ್ಮಿಕ ಏರುಪೇರು ಎಂದು ಇಟ್ಟುಕೊಳ್ಳಿ. ಹಾಗಿದ್ದಾಗಲೂ ಇಷ್ಟು ಅಥವಾ ಇದಕ್ಕಿಂತ ಜಾಸ್ತಿ ವ್ಯತ್ಯಾಸ ನೂರರಲ್ಲಿ ಮೂರು ಸಲ ಕಾಣಿಸಬಹುದು. ಅಷ್ಟೇ ಅದರ ಮಾತು. ನಿಮ್ಮ ವಿಧಾನ ಸರಿ ಎನ್ನುವ ಸಾಧ್ಯತೆ ಎಷ್ಟು ಎಂದು ಅದು ಹೇಳುವುದಿಲ್ಲ. ಲಾಭ ದೊಡ್ಡದೋ ಚಿಕ್ಕದೋ ಎಂದೂ ಹೇಳುವುದಿಲ್ಲ. ಅಮೆರಿಕದ ಸಂಖ್ಯಾಶಾಸ್ತ್ರಜ್ಞರ ಸಂಘವೇ 2016ರಲ್ಲಿ ಇದನ್ನು ಬಿಡಿಸಿ ಹೇಳುವ ಹೇಳಿಕೆ ಹೊರಡಿಸಬೇಕಾಯಿತು. ಅಂದಮೇಲೆ ಎಡವಿದವರು ನೀವೊಬ್ಬರೇ ಅಲ್ಲ. ಆದರೂ ಆ ಸಾಲನ್ನು ತೆಗೆದುಬಿಡಿ.

ನನ್ನ ನಿಜವಾದ ತಕರಾರು ಅದಲ್ಲ. ಮೊದಲ ಕೋಷ್ಟಕದಲ್ಲಿ ಎ ವಿಭಾಗದ ಎದುರು 31 ಎಂದಿದೆ. ಮೂರನೆಯದರಲ್ಲಿ 24. ಬಿ ವಿಭಾಗ 31 ಇದ್ದದ್ದು 30 ಆಗಿದೆ. ಕೆಳಗೆ ಸಣ್ಣ ಅಕ್ಷರದಲ್ಲಿ 'ಗೈರುಹಾಜರಾದ ಎಂಟು ಮಕ್ಕಳನ್ನು ಕೈಬಿಡಲಾಗಿದೆ' ಎಂದು ಒಂದು ಸಾಲು. ಯಾರು ಆ ಎಂಟು ಮಕ್ಕಳು? ಐದನೇ ಪುಟದಲ್ಲಿ ನೀವೇ ಬರೆದಿದ್ದೀರಿ, ಕೆಲವು ಮಕ್ಕಳು ಅಪ್ಪ ಅಮ್ಮನ ಜೊತೆ ಗುಳೆ ಹೋದರು ಅಂತ. ಇವರೇ ಅವರಾ?

ಇದು ಯಾಕೆ ಮುಖ್ಯ ಎಂದರೆ, ಮೂರು ಮಕ್ಕಳಿದ್ದಾರೆ, ಅಂಕ 4, 10, 13 ಎನ್ನಿ. ಸರಾಸರಿ 9. ನಾಲ್ಕು ಅಂಕದ ಮಗು ಊರು ಬಿಟ್ಟು ಹೋಯಿತು. ಉಳಿದ ಇಬ್ಬರ ಸರಾಸರಿ 11.5. ಯಾರೂ ಒಂದಕ್ಷರ ಹೊಸದಾಗಿ ಕಲಿಯಲಿಲ್ಲ, ಸರಾಸರಿ ಮಾತ್ರ ಎರಡೂವರೆ ಏರಿತು. ವರ್ಷದ ಅರ್ಧದಷ್ಟು ದಿನ ಶಾಲೆ ತಪ್ಪುವ ಮಕ್ಕಳು ಓದಿನಲ್ಲಿ ಹಿಂದೆ ಇರುವುದು ಸಹಜ, ಅಲ್ವಾ? ಅಂಥ ಏಳು ಮಕ್ಕಳು ಎ ವಿಭಾಗದಿಂದ ಹೋಗಿದ್ದಾರೆ, ಬಿ ವಿಭಾಗದಿಂದ ಒಬ್ಬರು. ನಿಮ್ಮ ನಾಲ್ಕು ಅಂಕದಲ್ಲಿ ಓದಿನ ಪಾಲು ಎಷ್ಟು, ಗುಳೆಯ ಪಾಲು ಎಷ್ಟು? ಈ ಪ್ರಶ್ನೆಯನ್ನು ಟಿ ಪರೀಕ್ಷೆ ಕೇಳುವುದಿಲ್ಲ. ನೀವೇ ಕೇಳಬೇಕು.

ಇನ್ನೊಂದು. ಎ ವಿಭಾಗವನ್ನೇ ಯಾಕೆ ಆರಿಸಿದಿರಿ? 'ಅವರು ಓದಿನಲ್ಲಿ ಹಿಂದುಳಿದವರು, ಅವರಿಗೇ ಹೆಚ್ಚು ಅಗತ್ಯ' ಎಂದು ಬರೆದಿದ್ದೀರಿ. ಶಿಕ್ಷಕಿಯಾಗಿ ಇದು ಸರಿಯಾದ ಆಯ್ಕೆ. ಆದರೆ ಹೋಲಿಕೆ ಕೆಟ್ಟದ್ದು ಇಲ್ಲಿಯೇ. ಇದಕ್ಕೆ ಒಂದು ಹಳೆಯ ಕಥೆ ಹೇಳಬೇಕು.

1930ರಲ್ಲಿ ಸ್ಕಾಟ್ಲೆಂಡಿನ ಲ್ಯಾನಾರ್ಕ್‌ಶೈರ್‌ನಲ್ಲಿ ಶಾಲಾಮಕ್ಕಳಿಗೆ ಹಾಲು ಕೊಟ್ಟರೆ ಬೆಳವಣಿಗೆ ಹೆಚ್ಚುತ್ತದೆಯೇ ಎಂದು ನೋಡಿದರು. 67 ಶಾಲೆ, ಸುಮಾರು 20,000 ಮಕ್ಕಳು. 10,000 ಮಕ್ಕಳಿಗೆ ನಾಲ್ಕು ತಿಂಗಳು ದಿನಕ್ಕೆ ಮುಕ್ಕಾಲು ಪೈಂಟ್ ಹಾಲು, ಅಂದರೆ ಸುಮಾರು 425 ಮಿಲಿ. ಅದರಲ್ಲೂ 5,000 ಮಕ್ಕಳಿಗೆ ಹಸಿ ಹಾಲು, 5,000 ಮಕ್ಕಳಿಗೆ ಪಾಶ್ಚರೀಕರಿಸಿದ ಹಾಲು. ಉಳಿದ 10,000 ಮಕ್ಕಳಿಗೆ ಹಾಲಿಲ್ಲ. ಯಾರಿಗೆ ಹಾಲು ಎನ್ನುವುದನ್ನು ಮೊದಲು ಚೀಟಿ ಎತ್ತಿ ಅಥವಾ ಹೆಸರಿನ ಅಕ್ಷರದ ಕ್ರಮದಲ್ಲಿ ಆರಿಸಿದರು. ಆದರೆ ಒಂದು ಗುಂಪಿನಲ್ಲಿ ಗಟ್ಟಿಮುಟ್ಟಾದ ಮಕ್ಕಳೋ ಬಡಕಲು ಮಕ್ಕಳೋ ಜಾಸ್ತಿ ಬಂದರೆ ಅದಲು ಬದಲು ಮಾಡಬಹುದು ಎಂದು ಶಾಲೆಗಳಿಗೆ ಅವಕಾಶ ಕೊಟ್ಟಿದ್ದರು. ಎಡವಟ್ಟಾದದ್ದು ಅಲ್ಲಿ. ಶಿಕ್ಷಕರು ತಮಗೇ ಗೊತ್ತಿಲ್ಲದ ಹಾಗೆ ಬಡ ಮಕ್ಕಳನ್ನು ಹಾಲಿನ ಗುಂಪಿಗೆ ಸರಿಸಿದರು. ಲೆಕ್ಕ ನೋಡಿದರೆ, ಹಾಲಿಲ್ಲದ ಗುಂಪಿನವರು ಶುರುವಿನಲ್ಲೇ ಎತ್ತರದಲ್ಲೂ ತೂಕದಲ್ಲೂ ಮುಂದಿದ್ದರು. ತೂಕದಲ್ಲಿ ಸುಮಾರು ಮೂರು ತಿಂಗಳ ಬೆಳವಣಿಗೆಯಷ್ಟು, ಎತ್ತರದಲ್ಲಿ ನಾಲ್ಕು ತಿಂಗಳಷ್ಟು.

ಇದನ್ನು ಮರುವರ್ಷ ಎತ್ತಿ ತೋರಿಸಿದವರು ವಿಲಿಯಂ ಗಾಸೆಟ್. ಡಬ್ಲಿನ್ನಿನ ಗಿನ್ನೆಸ್ ಬಿಯರ್ ಕಾರ್ಖಾನೆಯಲ್ಲಿ ಕೆಲಸ ಮಾಡುತ್ತಾ, 'ಸ್ಟೂಡೆಂಟ್' ಎಂಬ ಹೆಸರಿನಲ್ಲಿ 1908ರಲ್ಲಿ ಟಿ ಪರೀಕ್ಷೆಯ ಮೂಲ ಲೆಕ್ಕವನ್ನು ಪ್ರಕಟಿಸಿದವರು ಇವರೇ. ನಿಮ್ಮ ಲೇಖನದ ಮೂರನೇ ಕೋಷ್ಟಕ ನಿಂತಿರುವುದು ಅವರ ಹೆಗಲ ಮೇಲೆ. ಅವರು ಇನ್ನೊಂದು ಸಂಗತಿ ಗಮನಿಸಿದರು. ಮಕ್ಕಳನ್ನು ಬಟ್ಟೆ ಸಮೇತ ತೂಗಿದ್ದರು, ಮೊದಲು ಫೆಬ್ರವರಿಯ ಚಳಿಯಲ್ಲಿ, ಆಮೇಲೆ ಜೂನ್‌ನಲ್ಲಿ. ಚಳಿಗಾಲದಲ್ಲಿ ದಪ್ಪ ಬಟ್ಟೆ ಹಾಕುವುದು ಅನುಕೂಲಸ್ಥರ ಮಕ್ಕಳು. ಬೇಸಿಗೆಗೆ ಅವರ ಬಟ್ಟೆಯ ತೂಕ ಇಳಿಯುತ್ತದೆ. ಬಡ ಮಗುವಿಗೆ ಇಳಿಸಲು ದಪ್ಪ ಬಟ್ಟೆಯೇ ಇಲ್ಲ. ಹಾಗಾಗಿ ತಕ್ಕಡಿಯಲ್ಲಿ ಹಾಲಿನ ಗುಂಪು ಜಾಸ್ತಿ ಬೆಳೆದ ಹಾಗೆ ಕಂಡಿತು. ಬರೀ 50 ಜೋಡಿ ತದ್ರೂಪಿ ಅವಳಿ ಮಕ್ಕಳನ್ನು ತೆಗೆದುಕೊಂಡು, ಜೋಡಿಯಲ್ಲಿ ಒಬ್ಬರಿಗೆ ಮಾತ್ರ ಹಾಲು ಕೊಟ್ಟಿದ್ದರೆ ಇದಕ್ಕಿಂತ ನಂಬುವಂಥ ಉತ್ತರ ಸಿಗುತ್ತಿತ್ತು ಎಂದು ಅವರು ಬರೆದರು.

2013ರಿಂದ ನಮ್ಮ ಸರಕಾರಿ ಶಾಲೆಗಳಲ್ಲಿ ಕ್ಷೀರಭಾಗ್ಯದ ಹಾಲು ಇದೆ. ನೀವೂ ಲೋಟ ತುಂಬಿಸಿರುತ್ತೀರಿ. ಸೊರಗಿದ ಮಗು ಎದುರು ನಿಂತರೆ ಕೈ ತಾನಾಗಿಯೇ ಇನ್ನೊಂದು ಸೌಟು ಹಾಕುತ್ತದೆ. ಆ ಕೈಯನ್ನು ನಾನು ತಪ್ಪು ಎನ್ನುವುದಿಲ್ಲ, ಎಂದಿಗೂ. ಆದರೆ ಸಂಶೋಧನೆ ಎಂದು ಬರೆಯುವಾಗ ಆ ಕೈ ಏನು ಮಾಡಿತು ಎಂದು ಓದುಗರಿಗೆ ಹೇಳಬೇಕು. ಹಿಂದುಳಿದ ಗುಂಪು ಎರಡನೇ ಪರೀಕ್ಷೆಯಲ್ಲಿ ಸ್ವಲ್ಪ ಮೇಲೆ ಬರುವುದು ಹೇಗೂ ನಡೆಯುವ ಸಂಗತಿ. ಮೊದಲ ದಿನ ಜ್ವರ ಇದ್ದ ಮಗು, ಮನೆಯಲ್ಲಿ ಜಗಳ ಕೇಳಿಕೊಂಡು ಬಂದ ಮಗು, ಎರಡನೇ ಸಲ ತನ್ನ ಎಂದಿನ ಮಟ್ಟಕ್ಕೆ ಮರಳುತ್ತದೆ. ಅದನ್ನು ನಿಮ್ಮ ಓದಿನ ಲೆಕ್ಕಕ್ಕೆ ಬರೆದುಕೊಳ್ಳಬೇಡಿ.

ಬಿ ವಿಭಾಗದ ಕನ್ನಡ ಶಿಕ್ಷಕರು ಮೂರು ವಾರ ತರಬೇತಿಗೆ ಹೋಗಿದ್ದರು ಎಂದೂ ಬರೆದಿದ್ದೀರಿ, ಒಂದೇ ಸಾಲಿನಲ್ಲಿ. ಹಾಗಾದರೆ ನೀವು ಹೋಲಿಸಿದ್ದು ಕಥೆ ಓದಿದವರನ್ನೂ ಓದದವರನ್ನೂ ಅಲ್ಲ, ಒಂದು ತರಗತಿಯನ್ನು ಇನ್ನೊಂದು ತರಗತಿಯ ಜೊತೆ. ಅನ್ನ ಬೆಂದಿದೆಯಾ ಎಂದು ನೋಡಲು ಒಂದು ಅಗುಳು ಸಾಕು ಎನ್ನುತ್ತಾರೆ. ನಿಜ, ಆ ಪಾತ್ರೆಗೆ ಮಾತ್ರ. ಒಂದೇ ಪಾತ್ರೆಯಿಂದ 31 ಅಗುಳು ಹಿಚುಕಿದರೂ ಪಕ್ಕದ ಮನೆಯ ಅನ್ನದ ಬಗ್ಗೆ ಏನೂ ತಿಳಿಯುವುದಿಲ್ಲ. ಇದಕ್ಕೂ ಲೆಕ್ಕ ಇದೆ. ಅಂಕಗಳ ಏರುಪೇರಿನಲ್ಲಿ ಐದನೇ ಒಂದು ಪಾಲು ತರಗತಿಯಿಂದ ತರಗತಿಗೆ ಇರುವ ವ್ಯತ್ಯಾಸ ಎಂದುಕೊಳ್ಳಿ. 31ರಲ್ಲಿ ಒಂದು ಕಳೆದು ಉಳಿದ 30ನ್ನು 0.2ರಿಂದ ಗುಣಿಸಿ ಒಂದು ಕೂಡಿಸಿ, 7 ಬರುತ್ತದೆ. 31ನ್ನು 7ರಿಂದ ಭಾಗಿಸಿ. ಒಂದೇ ತರಗತಿಯ ನಿಮ್ಮ 31 ಮಕ್ಕಳು ಬೇರೆ ಬೇರೆ ಕಡೆಯಿಂದ ಆರಿಸಿದ ನಾಲ್ಕೈದು ಮಕ್ಕಳಷ್ಟು ಮಾಹಿತಿ ಕೊಡುತ್ತಾರೆ.

ಇದೇ ಕಾರಣಕ್ಕೆ ಒಂದು ಹೆಸರುವಾಸಿ ಅಧ್ಯಯನವೂ ಬದಲಾಗಿದೆ. ಇಂಗ್ಲೆಂಡಿನ 37 ತರಗತಿಗಳನ್ನು ನೋಡಿ ನೆವಿಲ್ ಬೆನೆಟ್ 1976ರಲ್ಲಿ ಹೇಳಿದ್ದರು, ಸಾಂಪ್ರದಾಯಿಕ ಪಾಠದಿಂದ ಮಕ್ಕಳು ಹೆಚ್ಚು ಕಲಿಯುತ್ತಾರೆ ಎಂದು. ಮಕ್ಕಳು ತರಗತಿಗಳಲ್ಲಿ ಗುಂಪಾಗಿದ್ದಾರೆ ಎನ್ನುವುದನ್ನು ಸೇರಿಸಿ 1981ರಲ್ಲಿ ಮತ್ತೆ ಲೆಕ್ಕ ಹಾಕಿದಾಗ ಆ 'ಅರ್ಥಪೂರ್ಣ ವ್ಯತ್ಯಾಸ' ಉಳಿಯಲಿಲ್ಲ. ಹಾಗೆ ಮತ್ತೆ ಲೆಕ್ಕ ಹಾಕಿದವರಲ್ಲಿ ಬೆನೆಟ್ ಕೂಡ ಇದ್ದರು. ನನಗೆ ತುಂಬಾ ಇಷ್ಟವಾದ ವಿಷಯ ಇದು.

ಈಗ ಒಂಬತ್ತನೇ ಪುಟ. 'ಮಾಡಲಾಯಿತು', 'ಕಂಡುಬಂದಿತು' ಎಂಬ ಪ್ರಬಂಧದ ಭಾಷೆ ಅಲ್ಲಿ ಇದ್ದಕ್ಕಿದ್ದಂತೆ ನಿಲ್ಲುತ್ತದೆ. ಒಬ್ಬ ಹುಡುಗಿ ಅಜ್ಜಿಯ ಮಾತ್ರೆ ಚೀಟಿ ಓದಿ ಹೇಳಿದ್ದು, 'ಕಷ್ಟ' ಎಂಬ ಪದದ ಒತ್ತಕ್ಷರದ ಹತ್ತಿರ ಅರ್ಧ ತರಗತಿ ತಡೆದು ನಿಲ್ಲುತ್ತಿದ್ದದ್ದು, ಮೂರನೇ ವಾರದಲ್ಲಿ ಯಾರೂ ಹೇಳದೆ ಮಕ್ಕಳು ಹದಿನೈದು ನಿಮಿಷ ಮೊದಲೇ ಬಂದು ಕೂತಿದ್ದು. ಇಷ್ಟು ಚೆನ್ನಾಗಿ ನೋಡಬಲ್ಲವರು ಯಾಕೆ ಇದನ್ನು 'ಇತರೆ ಅವಲೋಕನ' ಎಂದು ಮೂಲೆಗೆ ಹಾಕಿದಿರಿ? ಲೇಖನ ಇಲ್ಲಿಂದ ಶುರುವಾಗಲಿ. ಯಾವ ಒತ್ತಕ್ಷರದಲ್ಲಿ ಎಷ್ಟು ಮಕ್ಕಳು ತಡವರಿಸಿದರು, ಮೂರು ತಿಂಗಳ ನಂತರ ಎಷ್ಟು ಮಂದಿ? ಇದೂ ಅಂಕಿ ಅಂಶವೇ, ಮತ್ತು ಓದುವ ಪ್ರತಿ ಶಿಕ್ಷಕರಿಗೂ ಮರುದಿನ ಬೆಳಿಗ್ಗೆ ಬೇಕಾಗುವಂಥದ್ದು. ಸರಾಸರಿಯ ಬದಲು ಪ್ರತಿ ಮಗುವಿನ ಮೊದಲ ಅಂಕ, ಕೊನೆಯ ಅಂಕ ಎರಡನ್ನೂ ಚುಕ್ಕಿ ಇಟ್ಟು ಗೆರೆ ಎಳೆದು ತೋರಿಸಿ. ಚೌಕುಳಿ ಹಾಳೆ ಸಾಕು. ಲೆಕ್ಕವನ್ನು ಬೇರೆಯವರಿಗೆ ಕೊಡಬೇಡಿ, ನಿಮ್ಮ ಕೈಯಲ್ಲೇ ಮಾಡಿ. ಯಾವ ಚುಕ್ಕಿ ಯಾವ ಮಗು ಎಂದು ಗೊತ್ತಿರುವುದು ನಿಮಗೆ ಮಾತ್ರ.

ರಾಜ್ಯಕ್ಕೆಲ್ಲ ವಿಸ್ತರಿಸಿ ಎನ್ನುವ ಆಸೆ ನಿಜಕ್ಕೂ ಇದ್ದರೆ ಮುಂದಿನ ಜೂನ್‌ಗೆ ನಿಮ್ಮ ಕ್ಲಸ್ಟರಿನ ಹತ್ತು ಶಾಲೆಗಳ ಜೊತೆ ಮಾತಾಡಿ. ಒಂದೇ ಥರದ ಶಾಲೆಗಳನ್ನು ಜೋಡಿ ಮಾಡಿ, ಎಲ್ಲರ ಎದುರು ಚೀಟಿ ಎತ್ತಿ. ಐದು ಶಾಲೆಗಳಲ್ಲಿ ಜೂನ್‌ನಿಂದಲೇ ಓದು, ಉಳಿದ ಐದರಲ್ಲಿ ದಸರಾ ರಜೆ ಮುಗಿದ ಮೇಲೆ. ಯಾವ ಮಗುವಿಗೂ ತಪ್ಪಿಹೋಗುವುದಿಲ್ಲ. ಪರೀಕ್ಷೆಯ ಗದ್ಯ ನೀವು ಓದಿಸಿದ ಪುಸ್ತಕಗಳಿಂದ ಬೇಡ, ಈ ಸಲ ಹಾಗಾಗಿದೆ. ಹತ್ತು ಶಾಲೆಯೂ ಕಡಿಮೆಯೇ, ಆದರೆ ಎರಡು ತರಗತಿಗಿಂತ ಎಷ್ಟೋ ವಾಸಿ.

ಅದು ಮುಂದಿನ ಮಾತು. ಸದ್ಯಕ್ಕೆ ನಿಮ್ಮ ರಿಜಿಸ್ಟರ್ ತೆಗೆಯಿರಿ. ಬಿಟ್ಟುಹೋದ ಆ ಎಂಟು ಮಕ್ಕಳ ಮೊದಲ ಪರೀಕ್ಷೆಯ ಅಂಕ ಅದರಲ್ಲಿ ಇರುತ್ತದೆ. ಹೆಸರು ಬೇಡ, ಅಂಕ ಮತ್ತು ಊರು ಬಿಟ್ಟ ತಿಂಗಳು ಮಾತ್ರ ಬರೆದು ಈ ವಾರವೇ ಕಳಿಸಿ. ಅವರಲ್ಲಿ ಯಾರಾದರೂ ವಾಪಸ್ ಬಂದಿದ್ದರೆ ಅದನ್ನೂ ತಿಳಿಸಿ.