ಕೈ ಮುಚ್ಚುತ್ತೆ, ಬಿಚ್ಚೋಕಾಗಲ್ಲ

ಪ್ರಶ್ನೆ: ಅಕ್ಕಾ, ನನಗೆ 26 ವರ್ಷ. ತಿಪಟೂರು ಹತ್ತಿರ ಹಳ್ಳಿ. ಹೆರಿಗೆಯಾದ ಹನ್ನೊಂದನೇ ದಿನ ನನಗೆ ಸ್ಟ್ರೋಕ್ ಆಯಿತು. ಅದಕ್ಕೆ ಮೂರು ದಿನ ಮೊದಲಿಂದ ತಲೆ ಸಿಡಿಯುತ್ತಿತ್ತು. ಥಂಡಿ ಇರಬೇಕು ಅಂತ ಬಟ್ಟೆ ಕಟ್ಟಿದರು. ಆಮೇಲೆ ಫಿಟ್ಸ್ ಬಂತು. ಎಚ್ಚರವಾದಾಗ ಬಲಗೈ, ಬಲಗಾಲು ಆಡಲಿಲ್ಲ. ಮಾತೂ ಇರಲಿಲ್ಲ. ಮೆದುಳಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟಿದೆ ಅಂದರು. ಈಗ ಐದೂವರೆ ತಿಂಗಳು. ನಡೆಯುತ್ತೇನೆ. ಕೈ ಮುಚ್ಚುತ್ತೆ, ಬಿಚ್ಚೋಕಾಗಲ್ಲ. ‘ನೀರು’ ಅನ್ನೋಕೆ ಹೋಗಿ ‘ಕಾಫಿ’ ಅಂತೀನಿ. ಆದರೆ ಜೋಗುಳ ಪೂರ್ತಿ ಬರುತ್ತೆ, ಅದು ಹೇಗೆ? ಆರು ತಿಂಗಳಲ್ಲಿ ಬಂದಷ್ಟೇ, ಆಮೇಲೆ ಏನೂ ಬರಲ್ಲ ಅಂತಾರೆ, ನಿಜವಾ? ಮಾತ್ರೆ ಎಷ್ಟು ದಿನ? ಇನ್ನೊಂದು ಮಗು ಮಾಡಿಕೊಳ್ಳಬಹುದಾ? ಬೀಳಿಸಿಬಿಡ್ತೀನಿ ಅಂತ ಅತ್ತೆ ಮಗುವನ್ನು ನನ್ನ ಕೈಗೆ ಕೊಡಲ್ಲ. ಇಷ್ಟನ್ನೂ ನಾಲ್ಕು ದಿನ ಕೂತು ನಾದಿನಿ ಬರೆದಿದ್ದಾಳೆ. ಕೊನೆ ಸಾಲು ನಾನೇ ಎಡಗೈಲಿ ಬರೀತೀನಿ.

ಮಗು ನನ್ನ ಅಮ್ಮ ಅನ್ಕೊಳತ್ತಾ

ಉತ್ತರ: ತಂಗಿ, ಆ ಕೊನೆಯ ಸಾಲನ್ನು ಎಷ್ಟು ಸಲ ನೋಡಿದೆನೋ. ‘ಮ’ ಅಕ್ಷರವನ್ನು ಎರಡು ಸಲ ಹೊಡೆದುಹಾಕಿ ಮತ್ತೆ ಬರೆದಿದ್ದೀರಿ. ತಪ್ಪಾಗಿದೆ ಅಂತ ನಿಮಗೇ ಗೊತ್ತಾಗಿದೆ, ನೀವೇ ತಿದ್ದಿದ್ದೀರಿ. ಫಿಸಿಯೋಥೆರಪಿಸ್ಟ್ ಆಗಿ ಹೇಳುತ್ತೇನೆ, ಅದು ತುಂಬಾ ಒಳ್ಳೆಯ ಸುದ್ದಿ.

ನಿಮ್ಮ ಕಾಗದ ಓದುತ್ತಾ ನನಗೆ ನಮ್ಮ ಮನೆಯ ನಡುಕೋಣೆ ಕಣ್ಣಿಗೆ ಬಂತು. 2008ರಲ್ಲಿ ನನ್ನ ಸ್ವಂತ ತಂಗಿಗೆ ಹೀಗೇ ಆಯಿತು, ಬಾಣಂತನದ ಹದಿನಾಲ್ಕನೇ ದಿನ, ಕಡೂರಿನ ತವರುಮನೆಯಲ್ಲಿ. ಜಾಸ್ತಿ ನೀರು ಕುಡಿದರೆ ಹೊಟ್ಟೆ ಬರುತ್ತೆ, ಮಗುವಿಗೆ ಶೀತ ಆಗುತ್ತೆ ಅಂತ ಅಮ್ಮ ಅವಳಿಗೆ ಅಳೆದು ನೀರು ಕೊಡುತ್ತಿದ್ದಳು. ದಿನಕ್ಕೆ ಎರಡು ಲೋಟ ಬಿಸಿನೀರು, ಅಷ್ಟೇ. ನಾನು ಓದಿದವಳು, ಆದರೂ ಹಿರಿಯರ ಪದ್ಧತಿ ಅಂತ ಸುಮ್ಮನಿದ್ದೆ. ಹೆರಿಗೆಯಾದ ಮೊದಲ ಆರು ವಾರ ಹೆಂಗಸರ ರಕ್ತ ಮಾಮೂಲಿಗಿಂತ ಬೇಗ ಹೆಪ್ಪುಗಟ್ಟುತ್ತದೆ. ಹೆರಿಗೆಯಲ್ಲಿ ರಕ್ತ ಜಾಸ್ತಿ ಹೋಗದಿರಲಿ ಅಂತ ದೇಹವೇ ಮಾಡಿಕೊಂಡ ಏರ್ಪಾಡು ಅದು. ಅದರ ಜೊತೆ ಮೈಯಲ್ಲಿ ನೀರೂ ಕಡಿಮೆಯಾದರೆ, ಮೆದುಳಿನಿಂದ ರಕ್ತ ವಾಪಸ್ ಬರುವ ನಾಳ ಕಟ್ಟಿಕೊಳ್ಳುವ ಅಪಾಯ ಹೆಚ್ಚುತ್ತದೆ. ಅಮ್ಮನ ಮೇಲೆ ನನಗೆ ಸಿಟ್ಟಿಲ್ಲ. ಅವಳಮ್ಮ ಅವಳಿಗೆ ಮಾಡಿದ್ದನ್ನೇ ಅವಳು ಮಗಳಿಗೆ ಮಾಡಿದಳು. ಆದರೆ ಇದನ್ನು ಓದುತ್ತಿರುವ ಎಲ್ಲ ಅಮ್ಮಂದಿರಿಗೂ ಅತ್ತೆಯರಿಗೂ ಕೈಮುಗಿದು ಹೇಳುತ್ತೇನೆ: ಬಾಣಂತಿಗೆ ಕೇಳಿದಷ್ಟು ನೀರು ಕೊಡಿ. ತಲೆನೋವು ದಿನದಿಂದ ದಿನಕ್ಕೆ ಜಾಸ್ತಿಯಾದರೆ ಅಥವಾ ಫಿಟ್ಸ್ ಬಂದರೆ ಗಾಳಿ ಸೋಕಿದೆ ಅಂತ ಕೂರಬೇಡಿ, ಆಗಲೇ ಸ್ಕ್ಯಾನ್ ಇರುವ ಆಸ್ಪತ್ರೆಗೆ ಕರೆದುಕೊಂಡು ಹೋಗಿ.

ಈಗ ನಿಮ್ಮ ಪ್ರಶ್ನೆಗಳು. ಆರು ತಿಂಗಳ ಮಾತು ಅರ್ಧ ಮಾತ್ರ ನಿಜ. ಮೊದಲ ಮೂರು ತಿಂಗಳು ಚೇತರಿಕೆ ಬೇಗ ಬೇಗ ಆಗುತ್ತದೆ, ಆಮೇಲೆ ನಿಧಾನವಾಗುತ್ತದೆ. ಆದರೆ ನಿಂತುಹೋಗುವುದಿಲ್ಲ. ಬಾಣಂತನದಲ್ಲಿ ಆಗುವ ಈ ಥರದ ಸ್ಟ್ರೋಕ್‌ನಲ್ಲಿ ಹೆಚ್ಚಿನವರು ಚೆನ್ನಾಗಿಯೇ ಚೇತರಿಸಿಕೊಳ್ಳುತ್ತಾರೆ. ನನ್ನ ತಂಗಿಯ ಕೈ ಆರನೇ ತಿಂಗಳಲ್ಲಿ ಸೀರೆಯ ಸೆರಗಿನ ತುದಿ ಹಿಡಿಯುತ್ತಿತ್ತು, ಅಷ್ಟೇ. ಎರಡನೇ ವರ್ಷ ಮಗಳ ಫ್ರಾಕಿನ ಗುಂಡಿ ಹಾಕಿದಳು. ಪೂರ್ತಿ ಮೊದಲಿನ ಹಾಗಾಯಿತಾ? ಇಲ್ಲ. ಈಗಲೂ ಎಡಗೈಲೇ ಬರೆಯುತ್ತಾಳೆ. ಆದರೆ ರೊಟ್ಟಿ ತಟ್ಟುವುದು ಬಲಗೈಲಿ.

ಕೈಯ ವಿಷಯಕ್ಕೆ ಬರೋಣ. ಯಾರಾದರೂ ನಿಮಗೆ ಹಿಸುಕೋಕೆ ರಬ್ಬರ್ ಚೆಂಡು ತಂದುಕೊಟ್ಟಿರುತ್ತಾರೆ. ಅದನ್ನು ಎತ್ತಿಡಿ. ಮುಚ್ಚುವುದು ನಿಮ್ಮ ಕೈಗೆ ಆಗಲೇ ಬರುತ್ತದೆ. ಕಲಿಯಬೇಕಾಗಿರುವುದು ಬಿಚ್ಚುವುದನ್ನು. ಮುಷ್ಟಿ ಬಿಗಿಯಾದಾಗ ಬೆರಳ ತುದಿ ಹಿಡಿದು ಎಳೆಯಬೇಡಿ. ಎಡಗೈಯಿಂದ ಬಲಗೈ ಮಣಿಕಟ್ಟನ್ನು ಮೆಲ್ಲಗೆ ಒಳಕ್ಕೆ ಬಾಗಿಸಿ. ಬೆರಳುಗಳು ತಾವಾಗೇ ಸ್ವಲ್ಪ ಸಡಿಲವಾಗುತ್ತವೆ. ಆಗ ಹೆಬ್ಬೆರಳನ್ನು ಬುಡದಲ್ಲಿ ಹಿಡಿದು ಹೊರಕ್ಕೆ ತನ್ನಿ. ಅಂಗೈ ಬಿಚ್ಚಿಕೊಂಡ ಮೇಲೆ ಚಾಪೆಯ ಮೇಲೆ ಊರಿ, ಅದರ ಮೇಲೆ ಮೈಭಾರ ಸ್ವಲ್ಪ ಹಾಕಿ ಐದು ನಿಮಿಷ ಕೂತಿರಿ. ಆಮೇಲೆ ಒಂದು ಖಾಲಿ ಸ್ಟೀಲ್ ಲೋಟ ಹಿಡಿದು, ಬಿಡುವುದನ್ನು ಅಭ್ಯಾಸ ಮಾಡಿ. ಹಿಡಿಯುವುದಲ್ಲ, ಬಿಡುವುದು ಮುಖ್ಯ. ಒಂದು ಹೊತ್ತಿಗೆ ಹತ್ತು ಸಲ ಸಾಲದು. ದಿನಕ್ಕೆ ನೂರಾರು ಸಲ ಆಗಬೇಕು, ಕಾಲು ಕಾಲು ಗಂಟೆಯಂತೆ ಬಿಡಿಸಿ ಮಾಡಿ. ಸುಸ್ತಾದರೆ ಮಲಗಿ. ಸ್ಟ್ರೋಕ್ ಆದ ಮೇಲಿನ ಸುಸ್ತು ಸೋಮಾರಿತನ ಅಲ್ಲ, ಇದನ್ನು ಮನೆಯವರಿಗೂ ಓದಿ ಹೇಳಿ.

ಅಮೆರಿಕದ ಎಡ್ವರ್ಡ್ ಟಾಬ್ ಅನ್ನುವ ವಿಜ್ಞಾನಿ ಒಂದು ವಿಷಯ ತೋರಿಸಿಕೊಟ್ಟರು. ಸೋತ ಕೈಯನ್ನು ಬಳಸದೇ ಬಿಟ್ಟಷ್ಟೂ ಮೆದುಳು ಅದನ್ನು ಮರೆಯುತ್ತಾ ಹೋಗುತ್ತದೆ. ಅದಕ್ಕೆ ಅವರ ಪದ್ಧತಿಯಲ್ಲಿ ಚೆನ್ನಾಗಿರುವ ಕೈಗೆ ಗವಸು ಹಾಕಿ, ಸೋತ ಕೈಯಿಂದಲೇ ಕೆಲಸ ಮಾಡಿಸುತ್ತಾರೆ. ಬೆರಳು, ಮಣಿಕಟ್ಟು ಸ್ವಲ್ಪವಾದರೂ ಮೇಲಕ್ಕೆ ಎದ್ದರೆ ಮಾತ್ರ ಇದು ಸರಿಹೋಗುತ್ತದೆ. ನಿಮ್ಮ ಥೆರಪಿಸ್ಟ್ ನೋಡಿ ಹೇಳುತ್ತಾರೆ.

ಇದೇ ಕಾರಣಕ್ಕೆ ನಿಮ್ಮ ಅತ್ತೆಯವರ ಹತ್ತಿರ ನನ್ನದೊಂದು ಕೋರಿಕೆ. ಅಮ್ಮಾ, ನಿಮ್ಮ ಭಯ ನನಗೆ ಅರ್ಥವಾಗುತ್ತದೆ. ನಿಂತುಕೊಂಡು ಮಗುವನ್ನು ಎತ್ತುವುದು ಈಗಲೇ ಬೇಡ. ಆದರೆ ಸೊಸೆಯನ್ನು ನೆಲದ ಮೇಲೆ ಗೋಡೆಗೆ ಒರಗಿಸಿ ಕೂರಿಸಿ. ತೊಡೆಯ ಮೇಲೆ ದಿಂಬು, ದಿಂಬಿನ ಮೇಲೆ ಮಗು. ಬಲಗೈ ಮಗುವಿನ ಸುತ್ತ ಇರಲಿ, ಅದರ ಮೇಲೆ ಎಡಗೈ. ನೀವು ಪಕ್ಕದಲ್ಲೇ ಇರಿ. ಹೀಗೆ ಕೂತರೆ ಮಗು ಬೀಳುವುದಕ್ಕೆ ಜಾಗವೇ ಇಲ್ಲ. ಎಣ್ಣೆ ಸ್ನಾನದ ದಿನ ಅವಳ ಬಲ ಅಂಗೈಗೇ ಎಣ್ಣೆ ಹಾಕಿ, ಮಗುವಿನ ಬೆನ್ನು ಅವಳೇ ತಿಕ್ಕಲಿ. ಜಾರುವ ಎಣ್ಣೆ, ಮೆತ್ತಗಿನ ಬೆನ್ನು, ಬೆರಳು ತಾನಾಗೇ ಚಾಚಿಕೊಳ್ಳುತ್ತದೆ. ನನ್ನ ತಂಗಿಯ ಅಂಗೈ ಮೊದಲ ಸಲ ಪೂರ್ತಿ ಬಿಚ್ಚಿದ್ದು ನನ್ನ ಕ್ಲಿನಿಕ್ಕಿನಲ್ಲಿ ಅಲ್ಲ, ಬಚ್ಚಲಮನೆಯ ಮಣೆಯ ಮೇಲೆ, ಮಗಳ ಬೆನ್ನ ಮೇಲೆ. ಅಮ್ಮ ಸೌದೆ ಅಲ್ಲೇ ಬಿಟ್ಟು ಓಡಿಬಂದು ನನ್ನನ್ನು ಕೂಗಿದಳು. ತಂಗಿ, ನಿಮಗೊಂದು ಎಚ್ಚರಿಕೆ: ನೀರಿನ ಬಿಸಿಯನ್ನು ಎಡಗೈಲೇ ನೋಡಿ. ಬಲಗೈಗೆ ಸುಡುವುದು ಸರಿಯಾಗಿ ಗೊತ್ತಾಗದೇ ಇರಬಹುದು.

ಜೋಗುಳದ ಬಗ್ಗೆ ಕೇಳಿದಿರಿ. ಹೆಚ್ಚಿನವರಲ್ಲಿ ಮಾತಿನ ಕೆಲಸ ಮೆದುಳಿನ ಎಡಭಾಗದ್ದು. ನಿಮಗೆ ಪೆಟ್ಟು ಬಿದ್ದಿರುವುದು ಅಲ್ಲಿಯೇ. ರಾಗ, ಬಾಯಿಪಾಠ ಬೇರೆ ದಾರಿಯಲ್ಲೂ ಬರುತ್ತವೆ. ಅದಕ್ಕೇ ಮಾತು ಹೋದವರೂ ಹಾಡುತ್ತಾರೆ, ಮಗ್ಗಿ ಹೇಳುತ್ತಾರೆ, ಸೋಮವಾರ ಮಂಗಳವಾರ ಅನ್ನುತ್ತಾರೆ. ಇದನ್ನೇ ಬಳಸಿಕೊಳ್ಳಿ. ಲೋಟ ಕೈಯಲ್ಲಿ ಹಿಡಿದು, ಎಡಗೈಲಿ ತಾಳ ಹಾಕುತ್ತಾ ‘ನೀ-ರು ಬೇ-ಕು’ ಅಂತ ರಾಗವಾಗಿ ಹೇಳಿ. ‘ಕಾಫಿ’ ಅಂತ ಬಂದರೆ ಯಾರೂ ನಗಬಾರದು, ತಕ್ಷಣ ಬಾಯಿಗೆ ಪದ ತುರುಕಲೂಬಾರದು. ಹತ್ತು ಎಣಿಸುವಷ್ಟು ಕಾಯಲಿ. ಮೈಸೂರಿನ ಮಾನಸಗಂಗೋತ್ರಿಯಲ್ಲಿ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆ. ಅರಸೀಕೆರೆಯಿಂದ ಮೈಸೂರಿಗೆ ರೈಲಿದೆ. ಒಂದು ಸಲವಾದರೂ ಹೋಗಿ ಬನ್ನಿ.

ಮಾತ್ರೆಯ ವಿಷಯ ನಿಮ್ಮ ನರರೋಗ ತಜ್ಞರದೇ ಕೊನೆಯ ಮಾತು. ಹೆರಿಗೆಯಂಥ ಗೊತ್ತಿರುವ ಕಾರಣ ಇದ್ದರೆ ರಕ್ತ ತೆಳು ಮಾಡುವ ಮಾತ್ರೆಯನ್ನು ಸಾಮಾನ್ಯವಾಗಿ 3ರಿಂದ 6 ತಿಂಗಳು ಕೊಡುತ್ತಾರೆ, ಕೆಲವರಿಗೆ ಜಾಸ್ತಿ ಬೇಕಾಗುತ್ತದೆ. ನೀವೇ ನಿಲ್ಲಿಸಬೇಡಿ. ಫಿಟ್ಸ್ ಮಾತ್ರೆಯನ್ನಂತೂ ನಿಲ್ಲಿಸಲೇಬೇಡಿ. ವಾರ್ಫರಿನ್ ಅಥವಾ ಅಸಿಟ್ರೋಮ್ ಕೊಟ್ಟಿದ್ದರೆ ರಕ್ತ ಎಷ್ಟು ತೆಳುವಾಗಿದೆ ಅಂತ ನೋಡುವ ಐಎನ್‌ಆರ್ ರಕ್ತಪರೀಕ್ಷೆ ತಪ್ಪಿಸಬೇಡಿ. ಸೊಪ್ಪು ಬಿಡಬೇಕಾಗಿಲ್ಲ, ಆದರೆ ಒಂದು ವಾರ ರಾಶಿ, ಇನ್ನೊಂದು ವಾರ ಸೊನ್ನೆ ಅಂತ ಆಗಬಾರದು. ಭುಜ ನೋವು ಅಂತ ಮೆಡಿಕಲ್ ಶಾಪಿನಿಂದ ನೋವಿನ ಮಾತ್ರೆ ತರಬೇಡಿ. ಲಕ್ವಕ್ಕೆ ಕೊಡುವ ನಾಟಿ ಔಷಧಿಯೂ ರಕ್ತ ತೆಳು ಮಾಡುವ ಮಾತ್ರೆಯ ಜೊತೆ ಬೇಡ, ಒಳಗೇ ರಕ್ತಸ್ರಾವ ಆಗಿಬಿಡಬಹುದು.

ಇನ್ನೊಂದು ಮಗು ಮಾಡಿಕೊಳ್ಳಬಹುದು. ಆದರೆ ಗರ್ಭ ನಿಂತ ಮೇಲೆ ಡಾಕ್ಟರ ಹತ್ತಿರ ಹೋಗುವುದಲ್ಲ, ಯೋಚನೆ ಬಂದಾಗಲೇ ಹೋಗಬೇಕು. ರಕ್ತ ತೆಳು ಮಾಡುವ ಈ ಮಾತ್ರೆಗಳು ಮೊದಲ ತಿಂಗಳುಗಳಲ್ಲಿ ಹೊಟ್ಟೆಯ ಕೂಸಿಗೆ ಹಾನಿ ಮಾಡುತ್ತವೆ. ಅದಕ್ಕೆ ಹೆಪಾರಿನ್ ಇಂಜೆಕ್ಷನ್‌ಗೆ ಬದಲಾಯಿಸುತ್ತಾರೆ. ಅಲ್ಲಿಯವರೆಗೆ ಮಾಲಾ-ಡಿ ಥರದ ಗರ್ಭನಿರೋಧಕ ಮಾತ್ರೆ ನಿಮಗೆ ಆಗಲ್ಲ, ಕಾಪರ್-ಟಿ ಬಗ್ಗೆ ಕೇಳಿ. ಹಬ್ಬ, ಮದುವೆ ಅಂತ ಮುಟ್ಟು ಮುಂದೂಡುವ ಮಾತ್ರೆಯನ್ನೂ ಡಾಕ್ಟರನ್ನು ಕೇಳದೆ ನುಂಗಬೇಡಿ.

ಇನ್ನು ಆ ಕೊನೆಯ ಸಾಲು. ಐದೂವರೆ ತಿಂಗಳ ಕೂಸಿಗೆ ನಿಮ್ಮ ದನಿ ಗೊತ್ತು. ಹೊಟ್ಟೆಯಲ್ಲಿದ್ದಾಗಿನಿಂದ ಗೊತ್ತು. ರಾತ್ರಿ ಜೋಗುಳ ಹಾಡುವಾಗ ಒಂದು ಸಾಲು ನಡುವೆ ನಿಲ್ಲಿಸಿ ನೋಡಿ, ತಲೆ ತಿರುಗಿಸಿ ನಿಮ್ಮ ಬಾಯಿಯನ್ನೇ ನೋಡುತ್ತದೆ.

ಒಂದು ತಿಂಗಳು ಬಿಟ್ಟು ಮತ್ತೆ ಬರೆಯಿರಿ. ನಾದಿನಿಗೆ ನನ್ನ ನಮಸ್ಕಾರ ಹೇಳಿ. ಮುಂದಿನ ಸಲ ಮೂರು ಸಾಲು ನೀವೇ ಬರೆಯಿರಿ, ಕಾಗದ ಜಾರದ ಹಾಗೆ ಬಲ ಅಂಗೈ ಅದರ ಮೇಲಿರಲಿ.